ಕ್ರೊಯೇಷ್ಯಾದ ಚಿತ್ರಕಾರ ಓಟೊನ್ ಗ್ಲಿಹಾ ಅವರ ಚಿತ್ರದ ಸ್ಟಾಂಪ್ ಇರುವ ಹಳೇ ಕವರ್ ಸಿಕ್ಕಿದೆ. ಭೂದೃಶ್ಯ ಚಿತ್ರಕಾರ ಅಂತಾರೆ, ಬೆಟ್ಟವೂ ಇಲ್ಲ, ಮರವೂ ಇಲ್ಲ, ಬರೀ ಗೆರೆಗಳ ಬಲೆ. ಸ್ಟಾಂಪ್ ಕತ್ತರಿಸಿ ನೀರಲ್ಲಿ ಬಿಡಿಸಿದರೆ ಎಷ್ಟು ಬೆಲೆ ಬರಬಹುದು? ಈಗಲೇ ಮಾರಲೋ, ಕಾಯಲೋ?

ದಯವಿಟ್ಟು ಕತ್ತರಿ ಮುಟ್ಟಬೇಡಿ. ಉಳಿದಿದ್ದೆಲ್ಲ ಆಮೇಲೆ.

ಓಟೊನ್ ಗ್ಲಿಹಾ ಅನ್ನೋ ಹೆಸರು, ಬರೀ ಗೆರೆಗಳ ಬಲೆ ಅಂದಿರಲ್ಲ, ಅದೇ ಚಿತ್ರಕಾರನ ಸ್ಟಾಂಪ್ ನನಗೂ ಬಂದಿತ್ತು. ನನ್ನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಹಡಗು ರಿಯೆಕಾ ಬಂದರಿನಲ್ಲಿ ನಿಂತಿದ್ದಾಗ ರಜೆ ಸಿಕ್ಕಿ, ಸೇತುವೆ ದಾಟಿ ಕ್ರ್ಕ್ ದ್ವೀಪಕ್ಕೆ ಹೋಗಿ ಬಂದಿದ್ದರು. ಅಲ್ಲಿನ ಅಂಚೆ ಕಚೇರಿಯಿಂದಲೇ ನನಗೆ ಕಾಗದ ಹಾಕಿದ್ದರು. ನಾನಾಗ ಸ್ಟಾಂಪ್ ಕೂಡಿಡುತ್ತಿದ್ದ ಹುಡುಗ. ಕಾಗದವನ್ನು ಅರ್ಧ ಓದಿ ಕವರ್‌ಗೆ ಕೈ ಹಾಕಿದೆ.

ಏನು ಮಾಡಿದೆ ಅಂತ ಪೂರ್ತಿ ಹೇಳಬೇಕು, ಯಾಕಂದ್ರೆ ನೀವು ಈಗ ಅದನ್ನೇ ಮಾಡಲು ಹೊರಟಿದ್ದೀರಿ. ಸ್ಟಾಂಪಿನ ಹಲ್ಲುಗಳ ಪಕ್ಕದಲ್ಲೇ ಕತ್ತರಿ ಓಡಿಸಿದೆ. ಅಂಚೆ ಮುದ್ರೆ ದುಂಡಗಿತ್ತು. ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕವರ್ ಮೇಲೆ ಬಿದ್ದಿತ್ತು. ಊರಿನ ಹೆಸರೂ ತಾರೀಖೂ ಕವರ್ ಕಡೆಗೇ ಉಳಿದವು. ಆ ಕವರನ್ನು ಕಸಕ್ಕೆ ಹಾಕಿದೆ. ಸ್ಟಾಂಪನ್ನು ಬಿಸಿನೀರಿಗೆ ಹಾಕಿದೆ. ಉಗುರು ಬೆಚ್ಚಗಿದ್ದರೆ ಸಾಕಿತ್ತು. ಕಾಗದ ತಾನಾಗಿ ಬಿಡುವ ತನಕ ಕಾಯಲೂ ಇಲ್ಲ, ಉಗುರಿನಿಂದ ಎಬ್ಬಿಸಿದೆ. ಹಿಂಭಾಗದ ಒಂದು ಪದರ ಕಿತ್ತು ಬಂತು. ಬೆಳಕಿಗೆ ಹಿಡಿದರೆ ಆ ಜಾಗ ಈಗಲೂ ತೆಳ್ಳಗೆ ಕಾಣುತ್ತದೆ.

ಅದರಲ್ಲಿ ಕಳೆದದ್ದು ಏನು ಅಂತ ಗೊತ್ತಾಗಲು ವರ್ಷಗಳೇ ಹಿಡಿದವು. ಬೆಂಗಳೂರಿನ ಒಂದು ಅಂಚೆಚೀಟಿ ಪ್ರದರ್ಶನಕ್ಕೆ ಆಲ್ಬಮ್ ತಗೊಂಡು ಹೋಗಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ಸ್ಟಾಂಪ್ ನೋಡಿದವರೇ, "ಇದರ ಕವರ್ ಎಲ್ಲಿ?" ಎಂದರು. ನಾನು ಕ್ರ್ಕ್ ಕಥೆ ಹೇಳಿದೆ. ಅವರು ಸುಮ್ಮನಾಗಿಬಿಟ್ಟರು.

ಯಾಕೆ ಅಂದ್ರೆ, ಗ್ಲಿಹಾ ಚಿತ್ರ ಬರೆದದ್ದು ಆ ದ್ವೀಪದ್ದೇ. "ಭೂದೃಶ್ಯ ಚಿತ್ರಕಾರ ಅಂತಾರೆ, ಬೆಟ್ಟವೂ ಇಲ್ಲ, ಮರವೂ ಇಲ್ಲ" ಅಂತ ಬರೆದಿದ್ದೀರಿ. ಆ ಗೆರೆಗಳೇ ಭೂಮಿ. ಕ್ರ್ಕ್ ಸುಣ್ಣಕಲ್ಲಿನ ದ್ವೀಪ, ಮಣ್ಣು ಕಮ್ಮಿ. ಜನ ಹೊಲದಿಂದ ಕಲ್ಲು ಆರಿಸಿ ಆರಿಸಿ ಗೋಡೆ ಕಟ್ಟಿದರು. ನಮ್ಮ ಕರಾವಳಿಯ ಪಾಗಾರದ ಹಾಗೆ, ಆದರೆ ಗಾರೆ ಇಲ್ಲ, ಮಣ್ಣೂ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಕುರಿಗಳನ್ನು ತಡೆಯಲು, ಬೂರಾ ಎಂಬ ಚಳಿಗಾಳಿಗೆ ಮಣ್ಣು ಹಾರಿಹೋಗದಿರಲು. ಅಲ್ಲಿ ಅದಕ್ಕೆ ಗ್ರೊಮಾಚೆ ಅನ್ನುತ್ತಾರೆ. ಹೀಗೆ ಗಾರೆಯಿಲ್ಲದೆ ಗೋಡೆ ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ರೊಯೇಷ್ಯಾ ಸೇರಿ ಎಂಟು ದೇಶಗಳ ಹೆಸರಿನಲ್ಲಿ.

ಗ್ಲಿಹಾ ಹುಟ್ಟಿದ್ದು 1914ರಲ್ಲಿ, ಸ್ಲೊವೇನಿಯಾದ ಚ್ರ್ನೊಮೆಲ್ ಊರಲ್ಲಿ. ಓದಿದ್ದು ಝಾಗ್ರೆಬ್‌ನಲ್ಲಿ. ಹೆಂಡತಿ ಮಿಲಾ ಕುಂಬಾತೊವಿಚ್ ಕೂಡ ಚಿತ್ರಕಾರ್ತಿ, ಕ್ರ್ಕ್‌ನ ಒಮಿಶಾಲ್ ಊರಿನವರು. 1954ರ ಹೊತ್ತಿಗೆ ಗ್ಲಿಹಾ ಈ ಗೋಡೆಗಳ ಚಿತ್ರ ಬರೆಯಲು ಶುರು ಮಾಡಿದರು. 1999ರಲ್ಲಿ ತೀರಿಕೊಂಡರು. ಆ ನಡುವೆ ಹೆಚ್ಚುಕಮ್ಮಿ ಇದೊಂದನ್ನೇ ಹಿಡಿದು ಕೂತರು. ಬಹುತೇಕ ಚಿತ್ರಗಳಲ್ಲಿ ಆಕಾಶವೇ ಇಲ್ಲ, ಮೇಲಿನಿಂದ ಬಗ್ಗಿ ನೋಡಿದ ಹಾಗೆ ಬರೀ ಗೋಡೆ ಗೋಡೆ. ಬಣ್ಣವನ್ನು ದಪ್ಪಗೆ ಹಚ್ಚುತ್ತಿದ್ದರು, ಗೆರೆ ಕ್ಯಾನ್ವಾಸಿನಿಂದ ಎದ್ದು ನಿಲ್ಲುತ್ತದೆ. ಸ್ಟಾಂಪಿನಲ್ಲಿ ಅದು ಚಪ್ಪಟೆ ಆಗಿಬಿಡುತ್ತದೆ, ಅದಕ್ಕೇ ನಿಮಗೆ ಬಲೆ ಅನ್ನಿಸಿದ್ದು. ಅದೇ ದ್ವೀಪದಲ್ಲಿ ಸಿಕ್ಕ, ಬಾಷ್ಕಾ ಶಾಸನ ಎಂಬ ಸುಮಾರು 1100ರ ಒಂದು ಕಲ್ಲಿದೆ, ಮೂಲ ಕಲ್ಲು ಈಗ ಝಾಗ್ರೆಬ್‌ನಲ್ಲಿದೆ. ಜ್ವೊನಿಮಿರ್ ರಾಜ ಚರ್ಚಿಗೆ ಭೂಮಿ ಕೊಟ್ಟ ದಾನಶಾಸನ, ಗ್ಲಾಗೊಲಿಟಿಕ್ ಎಂಬ ಹಳೇ ಲಿಪಿಯಲ್ಲಿದೆ. ಆ ಅಕ್ಷರಗಳ ಫೋಟೊ ಪಕ್ಕದಲ್ಲಿಟ್ಟು ಸ್ಟಾಂಪ್ ನೋಡಿ. ನನಗಂತೂ ಆಮೇಲೆ ಎರಡನ್ನೂ ಬೇರೆ ಮಾಡಿ ನೋಡಲು ಆಗಿಲ್ಲ.

ಈಗ ಲೆಕ್ಕ ಹಾಕಿ. ಕ್ರ್ಕ್‌ನ ಗೋಡೆಗಳ ಚಿತ್ರ, ಕ್ರ್ಕ್ ಅಂಚೆ ಕಚೇರಿಯ ಮುದ್ರೆ, ಎರಡೂ ಒಂದೇ ಕವರ್ ಮೇಲೆ. ಮ್ಯಾಕ್ಸಿಮಮ್ ಕಾರ್ಡ್, ಅಂದ್ರೆ ಸ್ಟಾಂಪಿಗೆ ಹೊಂದುವ ಚಿತ್ರದ ಪೋಸ್ಟ್‌ಕಾರ್ಡಿನ ಮೇಲೆ ಅದೇ ಸ್ಟಾಂಪ್ ಅಂಟಿಸಿ ಮುದ್ರೆ ಹಾಕಿಸಿದ್ದು, ಅದನ್ನು ಮಾಡುವವರು ಇಂಥ ಹೊಂದಾಣಿಕೆಗೇ ಒದ್ದಾಡುತ್ತಾರೆ: ವಿಷಯ, ಜಾಗ, ಕಾಲ ಮೂರೂ ಕೂಡಬೇಕು. ನನಗೆ ಅದು ಅಂಚೆಯವನ ಕೈಯಿಂದ ತಾನಾಗಿ ಬಂದಿತ್ತು. ಮಾವನ ಕೈಬರಹದ ವಿಳಾಸವೂ ಅದರ ಮೇಲೇ ಇತ್ತು. ಅವರು ಈಗಿಲ್ಲ.

ಬೆಲೆ ಕೇಳಿದ್ದೀರಿ. ಬಿಡಿಸಿದ ಸ್ಟಾಂಪಿಗೆ ಹೇಳಿಕೊಳ್ಳುವಂಥ ಬೆಲೆ ಏನೂ ಬರೋದಿಲ್ಲ. ಕ್ರೊಯೇಷ್ಯಾದ ಅಂಚೆ ತನ್ನ ಆಧುನಿಕ ಚಿತ್ರಕಾರರ ಕೃತಿಗಳನ್ನು ಸ್ಟಾಂಪ್ ಮಾಡುತ್ತಲೇ ಬಂದಿದೆ, ಈಚಿನ ದಶಕಗಳ ಇಂಥ ಸ್ಟಾಂಪ್‌ಗಳು ಎಲ್ಲ ಕಡೆ ಸಿಗುತ್ತವೆ. ಹಾಗಾಗಿ "ಮಾರಲೋ, ಕಾಯಲೋ" ಅನ್ನೋ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಕವರ್ ಇಡೀ ಇರಲಿ. ಪ್ಲಾಸ್ಟಿಕ್ ಟೇಪ್, ಫೆವಿಕಾಲ್, ಲ್ಯಾಮಿನೇಶನ್ ಯಾವುದೂ ಬೇಡ. ಆಸಿಡ್ ಇಲ್ಲದ ಪಾರದರ್ಶಕ ಹಾಳೆಯೊಳಗೆ ಇಟ್ಟು, ಮಳೆಗಾಲದಲ್ಲಿ ತೇವ ತಾಗದ ಕಪಾಟಿನಲ್ಲಿಡಿ.

ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಅದರಲ್ಲಿ ಪಿನ್‌ಕೋಡ್ ಕಂಡರೆ 51ರಿಂದ ಶುರುವಾಗುತ್ತದಾ ನೋಡಿ, ಹಾಗಿದ್ದರೆ ನಿಮ್ಮ ಕವರೂ ಆ ಕಡೆಯದೇ. ರಿಯೆಕಾ 51000, ಕ್ರ್ಕ್ ಪಟ್ಟಣ 51500, ಬಾಷ್ಕಾ 51523. ಏನಿದೆ ಅಂತ ಇಲ್ಲೇ ಬರೆಯಿರಿ.