ತಂಗಿಯ ಗಂಡನ ಕಂತು, ನಿಮ್ಮ ಸಿಬಿಲ್

ಪತ್ರದ ಸಾರ: ಬನಹಟ್ಟಿಯ ನೇಕಾರರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆದಿದ್ದಾರೆ: ‘ನಾಲ್ಕು ವಿದ್ಯುತ್ ಮಗ್ಗಗಳಿವೆ. ಇನ್ನೆರಡು ಹಾಕೋಣವೆಂದು ಬ್ಯಾಂಕಿಗೆ ಹೋದರೆ ಸಿಬಿಲ್ 611 ಇದೆ, ಆಗುವುದಿಲ್ಲ ಎಂದರು. ಮೂವತ್ತು ವರ್ಷಗಳಲ್ಲಿ ಸಾಹುಕಾರರ ಒಂದು ರೂಪಾಯಿ ಉಳಿಸಿಕೊಂಡವನಲ್ಲ. ಲಾಕ್‌ಡೌನ್ ಕಾಲದ ಒಂದು ಫೈನಾನ್ಸ್ ಸಾಲವನ್ನು ಸೆಟಲ್‌ಮೆಂಟ್ ಮಾಡಿ ಮುಗಿಸಿದ್ದೇನೆ. ತಂಗಿಯ ಗಂಡನ ಗೂಡ್ಸ್ ಗಾಡಿಗೆ ಜಾಮೀನು ನಿಂತದ್ದು ಬಿಟ್ಟರೆ ಬೇರೇನೂ ಇಲ್ಲ. ಹನ್ನೆರಡು ಸಾವಿರ ಕೊಟ್ಟರೆ ತಿಂಗಳೊಳಗೆ 750 ಮಾಡಿಸುತ್ತೇನೆ ಎಂದು ಒಬ್ಬರು ಬಂದಿದ್ದಾರೆ. ಕೊಡಲೇ? ಅಥವಾ ಮಗನ ಹೆಸರಿನಲ್ಲಿ ಸಾಲ ಎತ್ತಲೇ?’

ಮಾನ್ಯರೇ,

ಕೊಡಬೇಡಿ. ನಿಮ್ಮ ಸಾಲದ ವರದಿಯಲ್ಲಿ ತಪ್ಪು ನಮೂದು ಇದ್ದರೆ ಅದನ್ನು ನೀವೇ ಬಿಡಿಗಾಸು ಖರ್ಚಿಲ್ಲದೆ ತಿದ್ದಿಸಬಹುದು. ಸರಿಯಾದ ನಮೂದನ್ನು ಹನ್ನೆರಡು ಸಾವಿರಕ್ಕಲ್ಲ, ಹನ್ನೆರಡು ಲಕ್ಷಕ್ಕೂ ಯಾರೂ ಅಳಿಸಲಾರರು. ಮಗನ ಮಾತು ಆಮೇಲೆ.

ನಿಮ್ಮ ಮೂವತ್ತು ವರ್ಷಗಳ ನಿಯತ್ತು ಸಾಹುಕಾರರ ಕಿರ್ದಿಯಲ್ಲಿದೆ. ಆ ಕಿರ್ದಿಯನ್ನು ಬ್ಯಾಂಕು ನೋಡುವುದಿಲ್ಲ. ಅದು ನೋಡುವುದು ನಾಲ್ಕು ಕಂಪನಿಗಳು ಇಟ್ಟಿರುವ ಸಾಲ-ಕಂತುಗಳ ಲೆಕ್ಕವನ್ನು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ ನಾವು ನಾಲ್ಕಕ್ಕೂ ಸಿಬಿಲ್ ಎನ್ನುತ್ತೇವೆ. ಆ ಲೆಕ್ಕ ನೋಡಿ ಅವರು ಕೊಡುವ ಅಂಕ 300ರಿಂದ 900ರವರೆಗೆ. ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ಮಗನಿಗೆ ಹೇಳಿ ಅವರವರ ಜಾಲತಾಣದಿಂದಲೇ ತರಿಸಿಕೊಳ್ಳಿ. ಪದೇಪದೇ ನೋಡಿದರೆ ಅಂಕ ಇಳಿಯುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನಿಮ್ಮದನ್ನು ನೀವು ನೋಡಿಕೊಂಡರೆ ಏನೂ ಆಗುವುದಿಲ್ಲ. ಇಳಿಸುವುದು, ಒಂದೇ ವಾರದಲ್ಲಿ ಐದಾರು ಕಡೆ ಸಾಲದ ಅರ್ಜಿ ಗುಜರಾಯಿಸುವುದು. ಈ ಬ್ಯಾಂಕು ಇಲ್ಲವೆಂದಿತೆಂದು ಮೊಬೈಲಿನ ಸಾಲದ ಆ್ಯಪ್‌ಗಳ ಕಡೆ ಹೊರಳಿದ್ದರೆ ಇಂದೇ ನಿಲ್ಲಿಸಿ.

ವರದಿ ಕೈಗೆ ಬಂದ ಮೇಲೆ ಅಂಕವನ್ನು ಬಿಟ್ಟು ಮೊದಲು ಒಳಪುಟಗಳನ್ನು ನೋಡಿ. ಒಂದೊಂದು ಸಾಲದ ಕೆಳಗೂ ತಿಂಗಳುಗಳ ಸಾಲು ಮನೆಗಳಿರುತ್ತವೆ. ಕಂತು ಹೊತ್ತಿಗೆ ಸರಿಯಾಗಿ ಬಿದ್ದಿದ್ದರೆ 000. ಇಪ್ಪತ್ತೆಂಟು ದಿನ ತಡವಾಗಿದ್ದರೆ 028. ಸೀರೆಯನ್ನು ಬೆಳಕಿಗೆ ಹಿಡಿದು ಎಳೆ ಎಲ್ಲಿ ತಪ್ಪಿದೆಯೆಂದು ನೋಡುವ ಕಣ್ಣು ನಿಮಗಿದೆ, ಇಲ್ಲಿಯೂ ಹಾಗೆಯೇ ನೋಡಿ. ನನ್ನ ಅನುಮಾನ ಗೂಡ್ಸ್ ಗಾಡಿಯ ಮೇಲೆ. ಜಾಮೀನು ಎಂದರೆ ಬರೀ ಒಂದು ಸಹಿ ಎಂದುಕೊಂಡಿರುತ್ತೇವೆ. ತಂಗಿ ಬಾಗಿಲಲ್ಲಿ ನಿಂತಿರುವಾಗ ಒಲ್ಲೆ ಎನ್ನುವುದಾದರೂ ಹೇಗೆ? ಆದರೆ 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಆ ಸಾಲ ನಿಮ್ಮ ವರದಿಯಲ್ಲೂ ಇರುತ್ತದೆ. ತಂಗಿಯ ಗಂಡನ ಕಂತು ತಪ್ಪಿದ ತಿಂಗಳು ನಿಮ್ಮ ವರದಿಯ ಮನೆಯಲ್ಲೂ 000 ಇರುವುದಿಲ್ಲ. ಅವರನ್ನು ಕೂರಿಸಿಕೊಂಡು ಮಾತನಾಡಿ. ಎರಡು ಕಂತು ಬಾಕಿ ಇದ್ದರೆ ನೀವೇ ತುಂಬಿ ಆಮೇಲೆ ವಸೂಲು ಮಾಡಿಕೊಳ್ಳುವುದು ಲೇಸು. ಏಜೆಂಟನಿಗೆ ಎತ್ತಿಟ್ಟ ಹನ್ನೆರಡು ಸಾವಿರ ಅಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ‘ಸೆಟಲ್‌ಮೆಂಟ್ ಮಾಡಿ ಮುಗಿಸಿದ್ದೇನೆ’ ಎಂಬ ಮಾತು. ನಿಮ್ಮ ಪಾಲಿಗೆ ಅದು ಮುಗಿದಿದೆ, ವರದಿಯಲ್ಲಿ ಮುಗಿದಿಲ್ಲ. ಪೂರ್ತಿ ತೀರಿಸಿದ ಸಾಲಕ್ಕೆ ‘ಕ್ಲೋಸ್ಡ್’ ಎಂದು, ಕೊಟ್ಟಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಕೊಟ್ಟ ಸಾಲಕ್ಕೆ ‘ಸೆಟಲ್ಡ್’ ಎಂದು ಬರೆದಿರುತ್ತಾರೆ. ಎರಡನೆಯದನ್ನು ಕಂಡರೆ ಬ್ಯಾಂಕಿನವರು ಹುಬ್ಬುಗಂಟಿಕ್ಕುತ್ತಾರೆ. ಆ ಫೈನಾನ್ಸಿನವರ ಬಳಿ ಹೋಗಿ, ಬಿಟ್ಟುಕೊಟ್ಟ ಮೊತ್ತ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ಕೈಲಾಗುವಂತಿದ್ದರೆ ತುಂಬಿ, ಏನೂ ಬಾಕಿ ಇಲ್ಲವೆನ್ನುವ ಬೇಬಾಕಿ ಪತ್ರ ಪಡೆದು, ‘ಕ್ಲೋಸ್ಡ್’ ಎಂದು ಕಳುಹಿಸುವಂತೆ ಒತ್ತಾಯಿಸಿ. ಬಾಯಿಮಾತಿಗೆ ಒಪ್ಪಬೇಡಿ. ನಾನು ಒಪ್ಪಿ ಕೆಟ್ಟಿದ್ದೇನೆ: ಫ್ರಿಜ್ಜಿಗೆಂದು ಮಾಡಿದ ಸಾಲ ತೀರಿ ಎರಡು ವರ್ಷವಾದರೂ ನನ್ನ ವರದಿಯಲ್ಲಿ ಜೀವಂತವಾಗಿತ್ತು. ಬೇಬಾಕಿ ಪತ್ರ ಹುಡುಕಲು ಮನೆಯ ಟ್ರಂಕುಗಳನ್ನೆಲ್ಲ ಬುಡಮೇಲು ಮಾಡಿದೆ. ಅಂಥ ತಪ್ಪಿದ್ದರೆ ವರದಿ ಕೊಟ್ಟ ಕಂಪನಿಗೆ ದೂರು ಕೊಡಿ. ಮೂವತ್ತು ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಅದಕ್ಕೂ ಬಗ್ಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ಇಷ್ಟಾದ ಮೇಲೂ ಅಂಕ ಒಂದೇ ತಿಂಗಳಿಗೆ ಏರುವುದಿಲ್ಲ. ವರ್ಷವಾದರೂ ಹಿಡಿಯಬಹುದು. ಅಷ್ಟರೊಳಗೆ ಬ್ಯಾಂಕಿನಲ್ಲಿ ಸಣ್ಣ ಠೇವಣಿ ಇಟ್ಟು ಅದರ ಆಧಾರದ ಮೇಲೆ ಕ್ರೆಡಿಟ್ ಕಾರ್ಡ್ ಪಡೆಯಿರಿ. ನೂಲಿಗೋ ಕಿರಾಣಿಗೋ ಮಿತಿಯ ಮೂರನೇ ಒಂದು ಪಾಲು ಮೀರದಂತೆ ಬಳಸಿ, ಪ್ರತಿ ತಿಂಗಳೂ ಪೂರ್ತಿ ತೀರಿಸಿ. ‘ಕನಿಷ್ಠ ಮೊತ್ತ’ ಎಂದು ಬಿಲ್ಲಿನಲ್ಲಿ ಕಾಣುವುದು ಬಲೆ. ಮುಂದೆ ಯಾವ ಸಾಲ ಮಾಡಿದರೂ ಕಂತಿನ ತಾರೀಖು ಸೀರೆಯ ಹಣ ಕೈಸೇರುವ ದಿನದ ನಂತರ ಬರುವಂತೆ ಮೊದಲೇ ಕೇಳಿಕೊಳ್ಳಿ.

ಮಗನ ಹೆಸರಿನ ಮಾತು. ಹಾಗೆ ಸಾಲ ಸಿಗಬಹುದು. ಹಿಂದೆ ಸಾಲವೇ ಮಾಡಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಳ್ಳಿಹಾಕಕೂಡದು ಎಂಬ ಸೂಚನೆಯೂ ಬ್ಯಾಂಕುಗಳಿಗಿದೆ. ಮಗ್ಗ ನಡೆಸುವವನು ಅವನೇ ಆಗಿದ್ದರೆ ಧಾರಾಳವಾಗಿ ಅವನ ಹೆಸರಿನಲ್ಲೇ ಹಾಕಿಸಿ. ಆದರೆ ಮಗ್ಗ ನಿಮ್ಮದು, ಸಹಿ ಮಾತ್ರ ಅವನದು ಎಂದಾದರೆ, ಸೀರೆ ಮಾರಾಟ ಬಿದ್ದ ವರ್ಷ ತಪ್ಪುವ ಕಂತುಗಳು ಅವನ ಲೆಕ್ಕಕ್ಕೆ ಬರೆದುಹೋಗುತ್ತವೆ. ತಂಗಿಯ ಗಂಡ ನಿಮಗೆ ಮಾಡಿದ್ದನ್ನೇ ನೀವು ಮಗನಿಗೆ ಮಾಡಿದಂತಾಗುತ್ತದೆ. ಅವನನ್ನು ಕೇಳಿದ್ದೀರಾ? ಪತ್ರದಲ್ಲಿ ಆ ಮಾತು ಎಲ್ಲಿಯೂ ಕಾಣಲಿಲ್ಲ.

ವರದಿ ಬಂದ ಮೇಲೆ ಅರ್ಥವಾಗದ್ದನ್ನು ಮತ್ತೆ ಬರೆದು ಕೇಳಿ. ಈ ಸಲ ಪತ್ರದ ಜೊತೆ ಪ್ಯಾನ್ ಕಾರ್ಡಿನ ನಕಲನ್ನು ಕಳುಹಿಸಿದ್ದಿರಿ. ಹರಿದು ಹಾಕಿದ್ದೇನೆ. ಆ ಏಜೆಂಟನಿಗೂ ಒಂದು ಕೊಟ್ಟಿದ್ದರೆ ವಾಪಸು ಇಸಿದುಕೊಳ್ಳಿ.

– ಸಂಪಾದಕ