ಛಲ ಹಿಡಿದು ಬದುಕುವುದು ಸರಿ, ಆದರೆ ಯಾವಾಗ ಬಿಡಬೇಕು?

ಛಲವನ್ನೇ ಬದುಕಿನ ದಾರಿ ಮಾಡಿಕೊಂಡವರು ಯಾರಾದರೂ ಇದ್ದೀರಾ, ಯಾವಾಗ ಕೈಬಿಡಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದೀರಿ. ಕೆಲವು ವರ್ಷಗಳಿಂದ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುತ್ತಿದ್ದೀರಿ, ಮನೆಯವರು ಇನ್ನು ಸಾಕು ಅನ್ನುತ್ತಿದ್ದಾರೆ ಅಂತಲೂ ಬರೆದಿದ್ದೀರಿ.

ನಾನು ಹಾಗೆ ಬದುಕುತ್ತಿದ್ದೇನೆ. ಆಯಾ ಕಾಲದ ಕೆಲಸವನ್ನು, ಫಲ ಕಾಣದಿದ್ದರೂ, ಆಯಾ ಕಾಲಕ್ಕೆ ಮಾಡುವುದು. ಕಿತ್ತು ಹಾಕಬೇಕಾದ್ದನ್ನು ಕಿತ್ತು ಹಾಕುವುದು. ನನ್ನ ಮಟ್ಟಿಗೆ ಛಲ ಅಂದ್ರೆ ಈ ಎರಡೂ ಸೇರಿ. ಇದನ್ನು ಕಲಿಸಿದ್ದು ನಮ್ಮ ತೋಟ ಮತ್ತು ನನ್ನ ಅತ್ತೆ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಕಡೆ ಸಣ್ಣ ಕಾಫಿ ತೋಟ. ಕಾಫಿಯಲ್ಲಿ ನಮ್ಮ ಕೈಯಲ್ಲಿ ಇಲ್ಲದ್ದೇ ಜಾಸ್ತಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬೀಳಬೇಕು, ಸುಮಾರು ಒಂದು ಇಂಚಾದರೂ. ಬಿದ್ದು ಎಂಟು ಹತ್ತು ದಿನಕ್ಕೆ ಹೂ ಬಿಟ್ಟು ತೋಟ ಬೆಳ್ಳಗಾಗುತ್ತದೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂವಿನ ನಂತರ ಬೇಕಾದ ಎರಡನೇ ಮಳೆ, ಬರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಇನ್ನು ರೇಟು, ಆನೆ, ಕೊಳೆ ರೋಗ ಯಾವುದೂ ನಮ್ಮನ್ನು ಕೇಳಿ ಬರುವುದಿಲ್ಲ. ನಮ್ಮ ಕೈಯಲ್ಲಿ ಇರುವುದು ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಗೊಬ್ಬರ, ಚಿಗುರು ತೆಗೆಯುವುದು, ಬೋರರ್ ಹುಡುಕುವುದು.

ಈ ಬೋರರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅರೇಬಿಕಾ ಅನ್ನುವ ಜಾತಿಯ ಕಾಫಿ ಗಿಡಕ್ಕೆ ಬರುವ ಬಿಳಿ ಕಾಂಡಕೊರಕ ಹುಳು ಅದು. ದುಂಬಿ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಹುಳು ಕಾಂಡದ ಒಳಗೆ ಹೋಗಿ ತಿಂಗಳುಗಟ್ಟಲೆ ತಿನ್ನುತ್ತಾ ಇರುತ್ತದೆ. ಹೊರಗಿಂದ ನೋಡಿದರೆ ಗಿಡ ಚೆನ್ನಾಗೇ ಇರುತ್ತದೆ, ಕಾಯಿ ಕೂಡ ಇರುತ್ತದೆ. ಹತ್ತಿರ ಕೂತು ಕಾಂಡದ ಮೇಲೆ ಬೆರಳು ಆಡಿಸಿದರೆ ಮಾತ್ರ ತೊಗಟೆಯ ಕೆಳಗೆ ಉಬ್ಬಿದ ಗೆರೆಗಳು ಸಿಗುತ್ತವೆ, ಉಂಗುರ ಹಾಕಿದ ಹಾಗೆ. ದುಂಬಿ ಹಾರುವುದು ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮೊದಲೇ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಸಾಲಾಗಿ ಒಂದೂ ಗಿಡ ಬಿಡದೆ ಟ್ರೇಸಿಂಗ್, ಅಂದರೆ ಹುಳು ಬಿದ್ದ ಗಿಡ ಹುಡುಕುವ ಕೆಲಸ, ಮಾಡಬೇಕು. ಸಿಕ್ಕ ಗಿಡವನ್ನು ಬೇರು ಸಮೇತ ಕಿತ್ತು ಸುಡಬೇಕು.

ಮದುವೆಯಾಗಿ ಬಂದ ಹೊಸದರಲ್ಲಿ ಕಾಯಿ ತುಂಬಿದ ಗಿಡವೊಂದನ್ನು ಕೀಳಲು ನನಗೆ ಮನಸ್ಸೇ ಬರಲಿಲ್ಲ. ಈ ಸಲದ ಹಣ್ಣು ಕುಯ್ದು ಆಮೇಲೆ ತೆಗೆಯೋಣವಾ ಅಂತ ಅತ್ತೆಯನ್ನು ಕೇಳಿದೆ. ಅಷ್ಟರಲ್ಲಿ ಅದರೊಳಗಿನ ದುಂಬಿ ಹೊರಗೆ ಬಂದು ಪಕ್ಕದ ಹತ್ತು ಗಿಡಕ್ಕೆ ಹೋಗುತ್ತದೆ ಅಂದರು. "ಗಿಡದ ಮೇಲೆ ಕನಿಕರ ಬೇಡಮ್ಮ, ತೋಟದ ಮೇಲಿರಲಿ" ಅಂತ ಹೇಳಿ ತಾವೇ ಬುಡಕ್ಕೆ ಗುದ್ದಲಿ ಹಾಕಿದರು. ಮೊಣಕಾಲು ನೋವಿದ್ದರೂ ಅವರು ಒಂದು ಮಾರ್ಚ್ ತಪ್ಪಿಸಿದವರಲ್ಲ, ಒಂದು ಸೆಪ್ಟೆಂಬರ್ ತಪ್ಪಿಸಿದವರಲ್ಲ. ನಾನು ನೋಡಿದ ಛಲ ಅಂದ್ರೆ ಅದು.

2018ರ ಆಗಸ್ಟ್ ನಿಮಗೂ ನೆನಪಿರಬಹುದು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಜಾರಿತು. ಮನೆ, ತೋಟ, ಜೀವ ಕಳೆದುಕೊಂಡವರ ಮುಂದೆ ನಮ್ಮದು ಏನೂ ಅಲ್ಲ. ಆದರೂ ನಮ್ಮ ಮೇಲಿನ ಇಳಿಜಾರಿನ ತೋಟ ಮರಗಳ ಸಮೇತ ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಬಂದು ಬಿತ್ತು. ಗದ್ದೆ ಪೂರ್ತಿ ಕೆಸರು.

ಮಳೆ ನಿಂತ ಮೇಲೆ ಊರಲ್ಲಿ ತುಂಬಾ ಜನ ಹೇಳಿದ್ದು, ಎದೆಗುಂದಬೇಡಿ, ಅಲ್ಲೇ ಮತ್ತೆ ನೆಟ್ಟು ತೋರಿಸಿ ಅಂತ. ನನ್ನ ಗಂಡನಿಗೂ ಅದೇ ಆಸೆ ಇತ್ತು. ಅತ್ತೆ ಒಪ್ಪಲಿಲ್ಲ. ಬರೆಯ (ಇಳಿಜಾರಿನ) ಮಣ್ಣು ಇನ್ನೂ ಕೂತಿಲ್ಲ, ಅಲ್ಲಿ ಗುಂಡಿ ತೆಗೆದರೆ ಮತ್ತೆ ನೀರು ಇಳಿಯುತ್ತದೆ ಅಂದರು. ಆ ಜಾಗವನ್ನು ಬಿಟ್ಟೆವು. ಮಣ್ಣು ಹಿಡಿದಿಡುವ ಲಾವಂಚದ ಹುಲ್ಲು ಹಾಕಿ, ಕಾಡುಮರ ತಾವಾಗಿ ಬೆಳೆಯಲು ಬಿಟ್ಟೆವು. ಮನೆ ಹತ್ತಿರದ ಸಮತಟ್ಟು ಜಾಗದಲ್ಲಿ ಕಾಫಿಯ ಇನ್ನೊಂದು ಜಾತಿ ರೋಬಸ್ಟಾ ನೆಟ್ಟೆವು.

ನೆಟ್ಟಿದ್ದು ದೊಡ್ಡದಲ್ಲ. ಆಮೇಲಿನ ವರ್ಷಗಳೇ ಕಷ್ಟ. ರೋಬಸ್ಟಾ ಫಸಲು ಶುರುವಾಗಲು ಮೂರು ನಾಲ್ಕು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಜಾಸ್ತಿ. ಅಲ್ಲಿವರೆಗೆ ಗೊಬ್ಬರದ ಖರ್ಚು ಇದೆ, ಕಳೆ ತೆಗೆಯುವ ಕೂಲಿ ಇದೆ, ಬರುವುದು ಮಾತ್ರ ಏನೂ ಇಲ್ಲ. ಉಳಿದ ತೋಟದ ಕರಿಮೆಣಸು ನಮ್ಮನ್ನು ಉಳಿಸಿತು. ಗಂಡ ಪಿಕಪ್ ಓಡಿಸಿದರು, ನಾನು ಹೊಲಿಗೆ ಹಿಡಿದೆ. ಈ ಮಾತನ್ನು ಛಲದ ಬಗ್ಗೆ ಭಾಷಣ ಮಾಡುವವರು ಹೇಳುವುದೇ ಇಲ್ಲ, ನನಗೆ ಬೇಜಾರಾಗುವುದೂ ಅದಕ್ಕೇ. ಕಾಯುವ ವರ್ಷಗಳಲ್ಲಿ ಒಲೆ ಉರಿಯಲು ಒಂದು ದಾರಿ ಇಟ್ಟುಕೊಳ್ಳಬೇಕು. ಅದಿಲ್ಲದೆ ಮನಸ್ಸು ಎಷ್ಟು ಗಟ್ಟಿ ಇದ್ದರೂ ಸಾಲ ಅದನ್ನು ಮುರಿಯುತ್ತದೆ. ನೀವೂ ಓದಿನ ಜೊತೆ ಅರ್ಧ ದಿನದ್ದಾದರೂ ಒಂದು ಕೆಲಸ ನೋಡಿಕೊಳ್ಳಿ. ಅದರಿಂದ ನಿಮ್ಮ ಹಠ ಕಮ್ಮಿಯಾಗುವುದಿಲ್ಲ.

ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನೇ ನೋಡಿ. 2010ರಲ್ಲಿ ಯುಎಸ್ ಓಪನ್ ಡಬಲ್ಸ್ ಫೈನಲ್‌ನಲ್ಲಿ ಸೋತರು. 2023ರಲ್ಲಿ ಅದೇ ಟೂರ್ನಿಯ ಫೈನಲ್‌ಗೆ ಮತ್ತೆ ಬಂದರು, ಮತ್ತೆ ಸೋತರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಗ ಅವರಿಗೆ 43 ವರ್ಷ, ಪುರುಷರ ಡಬಲ್ಸ್‌ನಲ್ಲಿ ಅದೇ ಮೊದಲ ಗ್ರ್ಯಾಂಡ್‌ಸ್ಲಾಮ್. ಎಲ್ಲರೂ ವಯಸ್ಸಿನ ಬಗ್ಗೆ ಮಾತಾಡಿದರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅವರು ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ನಿಂತವರು. ಜೊತೆಗಾರರನ್ನು ಬದಲಾಯಿಸಿದರು. ಮಂಡಿ ಸವೆದಾಗ ಅಯ್ಯಂಗಾರ್ ಯೋಗಕ್ಕೆ ಹೋದರು. ಅಲ್ಲಿವರೆಗೂ ಟೆನಿಸ್ ಒಂದನ್ನು ಮಾತ್ರ ಬಿಡಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ಯಾವಾಗ ಬಿಡಬೇಕು ಅನ್ನೋದು. ಇಲ್ಲಿ ತೋಟದವರೆಲ್ಲ ಮಳೆ ಲೆಕ್ಕ ಬರೆದಿಡುತ್ತಾರೆ, ಇಂಚು ಮತ್ತು ಸೆಂಟ್ಸ್‌ನಲ್ಲಿ (ಇಂಚಿನ ನೂರನೇ ಒಂದು ಭಾಗ). ಅತ್ತೆಯ ಪುಸ್ತಕದಲ್ಲಿ ಮಳೆಯ ಪಕ್ಕದಲ್ಲೇ ತೋಟದ ಯಾವ ಪಟ್ಟಿಯಲ್ಲಿ (ಭಾಗದಲ್ಲಿ) ಎಷ್ಟು ಗಿಡ ಕಿತ್ತೆವು, ಎಷ್ಟು ಚೀಲ ಬಂತು ಅಂತಲೂ ಇರುತ್ತದೆ. ಮೇಲಿನ ಒಂದು ಪಟ್ಟಿಯಲ್ಲಿ ನೆರಳು ಹೆಚ್ಚಿಸಿದರೂ, ಗೊಬ್ಬರ ಹಾಕಿದರೂ, ಕೀಳುವ ಗಿಡ ವರ್ಷ ವರ್ಷಕ್ಕೆ ಜಾಸ್ತಿಯಾಗುತ್ತಲೇ ಇತ್ತು. ಆ ಪಟ್ಟಿಯಲ್ಲಿ ಅರೇಬಿಕಾ ಇನ್ನು ಬೇಡ ಅಂತ ನಿರ್ಧಾರ ಮಾಡಿದ್ದು ಆ ಪುಸ್ತಕ ನೋಡಿ. ಬೇಜಾರಾದ ದಿನ ಮಾಡಿದ ನಿರ್ಧಾರ ಅಲ್ಲ.

ನೀವೂ ಹಾಗೇ ಮಾಡಿ. ಒಂದು ಹಾಳೆ ತೆಗೆದುಕೊಂಡು ಪ್ರತಿ ಪರೀಕ್ಷೆಯಲ್ಲಿ ಯಾವ ಪತ್ರಿಕೆಗೆ ಎಷ್ಟು ಅಂಕ ಬಂತು, ಕಟ್ ಆಫ್ ಎಷ್ಟಿತ್ತು, ಆ ಸಲ ಓದುವ ರೀತಿಯಲ್ಲಿ ಏನು ಬದಲಾಯಿಸಿದ್ದಿರಿ ಅಂತ ಬರೆಯಿರಿ. ಬದಲಾಯಿಸಿದಾಗ ಅಂಕ ಏರಿದ್ದರೆ ಯಾರು ಏನೇ ಹೇಳಲಿ, ಇನ್ನೊಂದು ಸಲ ಬರೆಯಿರಿ. ಎಷ್ಟು ಬದಲಾಯಿಸಿದರೂ ಅಲ್ಲೇ ನಿಂತಿದ್ದರೆ ಆ ಪರೀಕ್ಷೆ ಬಿಡಿ, ಓದಿದ್ದು ಉಪಯೋಗಕ್ಕೆ ಬರುವ ಬೇರೆ ಪರೀಕ್ಷೆ ಹುಡುಕಿ. ಮನೆಯವರಿಗೂ ಆ ಹಾಳೆ ತೋರಿಸಿ. "ನನಗೆ ನಂಬಿಕೆ ಇದೆ" ಅನ್ನುವುದಕ್ಕಿಂತ ಅದನ್ನು ಅವರು ಬೇಗ ಒಪ್ಪುತ್ತಾರೆ.

ನನ್ನ ನಾದಿನಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ) ಪರೀಕ್ಷೆ ಪಾಸಾಗಿ ಈಗ ಕೆಲಸದಲ್ಲಿದ್ದಾಳೆ. ನೀವು ಯಾವ ಪರೀಕ್ಷೆ ಬರೆಯುತ್ತಿದ್ದೀರಿ, ಯಾವ ಪತ್ರಿಕೆ ಕೈಕೊಡುತ್ತಿದೆ ಅಂತ ಕೆಳಗೆ ಬರೆದರೆ ಅವಳ ಹತ್ತಿರ ಕೇಳಿ ಹೇಳುತ್ತೇನೆ.