ರೇನ್ ಪ್ಯಾಂಟ್ ಇದ್ದರೂ ಶೂ ಒದ್ದೆಯಾಗುವುದಕ್ಕೆ

ರೇನ್‌ಕೋಟ್, ಪ್ಯಾಂಟ್ ಎರಡೂ ಹಾಕಿದರೂ ಬೈಕ್‌ನಲ್ಲಿ ಹೋಗುವಾಗ ಶೂ ಒಳಗೆ ನೀರು ತುಂಬುತ್ತದೆ, ವಾಟರ್‌ಪ್ರೂಫ್ ಶೂ ತಗೊಳ್ಳಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ನೀರು ಮೇಲಿನಿಂದ ಇಳಿಯುತ್ತಿರುವ ಸಾಧ್ಯತೆಯೇ ಜಾಸ್ತಿ. ಬೈಕ್ ಮೇಲೆ ಕೂತಾಗ ಮೊಣಕಾಲು ಮಡಚಿ ಪ್ಯಾಂಟ್ ಮೇಲಕ್ಕೆ ಸರಿಯುತ್ತದೆ, ಅಲ್ವಾ? ಹರಿದು ಬಂದ ನೀರು ಸೀದಾ ಸಾಕ್ಸ್‌ಗೆ. ಆಗ ವಾಟರ್‌ಪ್ರೂಫ್ ಶೂ ಇದ್ದರೆ ಇನ್ನೂ ಕಷ್ಟ, ಒಳಗೆ ಹೋದ ನೀರು ಹೊರಗೇ ಬರುವುದಿಲ್ಲ!

ಮೊದಲು ಉದ್ದ ಜಾಸ್ತಿ ಇರುವ ರೇನ್ ಪ್ಯಾಂಟ್ ನೋಡಿ. ನಿಂತು ಅಲ್ಲ, ಗಾಡಿ ಮೇಲೆ ಕೂತು ಅಳತೆ ನೋಡಬೇಕು. ಅಂಚು ಶೂ ಮೇಲೆ ಇಳಿಬಿದ್ದಿರಲಿ, ಒಳಗೆ ತುರುಕಬೇಡಿ. ಆದರೆ ವೆಲ್ಕ್ರೋ ಹಾಕಿ ಬಿಗಿ ಮಾಡಿ. ಸಡಿಲ ಬಟ್ಟೆ ಚೈನ್‌ಗೆ ಸಿಕ್ಕಿದರೆ ಅಪಾಯ, ಬಿಸಿ ಸೈಲೆನ್ಸರ್‌ಗೆ ತಗುಲಿದರೆ ಕರಗಿಯೇ ಹೋಗುತ್ತದೆ.

ಕೊಳ್ಳುವಾಗ ಪ್ಯಾಂಟ್ ಒಳಗಡೆ ತಿರುಗಿಸಿ ನೋಡಿ, ಹೊಲಿಗೆ ಮೇಲೆ ಟೇಪ್ ಅಂಟಿಸಿರಬೇಕು. ಸೀಟ್ ಮೇಲೆ ನಿಂತ ನೀರು ನುಗ್ಗುವುದು ಕಾಲುಗಳ ನಡುವಿನ ಹೊಲಿಗೆಯಲ್ಲೇ. ಬಟ್ಟೆ ಎಷ್ಟು ದಪ್ಪ ಇದ್ದರೂ ಟೇಪ್ ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಗ್ಲೌಸ್‌ಗೂ ಇದೇ ಲೆಕ್ಕ. ಜಾಕೆಟ್ ತೋಳು ಗ್ಲೌಸ್ ಮೇಲೆ ಬರಲಿ. ಇಷ್ಟು ಮಾಡಿಯೂ ಶೂ ನೆನೆದರೆ ಆಮೇಲೆ ಹೊಸದು ತಗೊಳ್ಳಿ.